ತಂಗಿಯ ಪಾಲಿನ ನೆನಪು

ಚಪ್ಪಲಿ ಜಗಲಿಯಲ್ಲೇ ಬಿಡಿ. ಕೊಡೆಯನ್ನು ಮೂಲೆಗೆ ಒರಗಿಸಿ, ನೀರು ಅಲ್ಲೇ ಇಳಿಯಲಿ. ಒಳಗೆ ಬರುವಾಗ ಸ್ವಲ್ಪ ತಲೆ ತಗ್ಗಿಸಿ. ಮಂಗಳೂರಿನ ಜೆಪ್ಪುವಿನಲ್ಲಿರುವ ಈ ಹಳೆಯ ಮನೆಯ ದಾರಂದ ಗಿಡ್ಡ. ಆಟಿ ತಿಂಗಳ ಭಾನುವಾರ, ಬೆಳಗ್ಗೆ ಹತ್ತು ಗಂಟೆ. ಆದರೂ ಚಾವಡಿಯಲ್ಲಿ ಮುಸ್ಸಂಜೆಯಷ್ಟೇ ಬೆಳಕು. ಹಂಚಿನ ಮೇಲೆ ಮಳೆ ಒಂದೇ ಸಮನೆ ಹೊಯ್ಯುತ್ತಿದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಇದೇ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ತಮ್ಮ ಮೊದಲ ಹಂಚಿನ ಕಾರ್ಖಾನೆ ಕಟ್ಟಿದರು. ಅಲ್ಲಿಂದೀಚೆಗೆ ಈ ಊರಿನ ಮಕ್ಕಳು ಈ ಸದ್ದಿನ ಕೆಳಗೇ ಮಲಗಿ, ಈ ಸದ್ದಿನ ಕೆಳಗೇ ಎದ್ದವರು. ಮಾತಾಡಬೇಕಾದರೆ ದನಿ ಏರಿಸಬೇಕು. ಮಾತಾಡಲು ಮನಸ್ಸಿಲ್ಲದವರಿಗೆ ಇದರಷ್ಟು ಒಳ್ಳೆಯ ಮರೆ ಇನ್ನೊಂದಿಲ್ಲ.

ಅಡುಗೆಮನೆಯಿಂದ ಹಲಸಿನ ಹಪ್ಪಳ ಕರಿಯುವ ವಾಸನೆ ಬರುತ್ತಿದೆ. ಚಾಪೆಯ ಮೇಲೆ ಇಬ್ಬರು ಹುಡುಗಿಯರು, ನನ್ನ ತಂಗಿಯ ಮಕ್ಕಳು. ದೊಡ್ಡವಳಿಗೆ ಹತ್ತು, ಚಿಕ್ಕವಳಿಗೆ ಆರು. ಇಬ್ಬರ ನಡುವೆ ಒಂದು ಮೊಳದಷ್ಟು ಜಾಗ ಖಾಲಿ. ನೀವು ಅಲ್ಲಿ ಕೂರಬೇಡಿ, ಈಚೆ ನನ್ನ ಪಕ್ಕಕ್ಕೆ ಬನ್ನಿ. ಆ ಜಾಗ ಮೇ ತಿಂಗಳಿನಿಂದ ಹಾಗೆಯೇ ಉಂಟು. ಇನ್ನು ದೊಡ್ಡವಳ ಕೈ ನೋಡಿ. ಕಾಣುವುದಿಲ್ಲ. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟು ಕೂತಿದ್ದಾಳೆ. ಊಟಕ್ಕೆ, ಬರವಣಿಗೆಗೆ ಮಾತ್ರ ಅವು ಹೊರಗೆ ಬರುತ್ತವೆ. ಶಾಲೆಗೆ ಹೋಗುವಾಗ ರೈನ್‌ಕೋಟಿನ ಜೇಬಿನಲ್ಲಿರುತ್ತವೆ. ಮಾರ್ಗ ದಾಟುವಾಗ ತಂಗಿಯ ಕೈ ಹಿಡಿದುಕೋ ಎಂದರೆ ತಂಗಿಯ ಬ್ಯಾಗಿನ ಪಟ್ಟಿಯನ್ನು ಹಿಡಿಯುತ್ತಾಳೆ.

ಟಿವಿಯಲ್ಲಿ ‘ಫ್ರೋಜನ್’ ಎಂಬ ಡಿಸ್ನಿ ಕಾರ್ಟೂನ್ ಚಿತ್ರ ಶುರುವಾಗಿದೆ.

ಅರೆಂಡೆಲ್ ಎಂಬ ಕಲ್ಪನೆಯ ರಾಜ್ಯ, ನಡುರಾತ್ರಿ, ಅರಮನೆಯ ದೊಡ್ಡ ಚಾವಡಿ. ಎಂಟು ವರ್ಷದ ಎಲ್ಸಾ, ಅವಳಿಗಿಂತ ಮೂರು ವರ್ಷ ಚಿಕ್ಕವಳಾದ ಆನಾ. ತಂಗಿಯೇ ಅಕ್ಕನನ್ನು ಹಾಸಿಗೆಯಿಂದ ಎಬ್ಬಿಸಿ ಆಟಕ್ಕೆ ಎಳೆದು ತಂದಿದ್ದಾಳೆ. ಎಲ್ಸಾಳ ಬೆರಳಿನಿಂದ ಹಿಮ ಚಿಮ್ಮುತ್ತದೆ. ಅದು ಹುಟ್ಟಿನಿಂದ ಬಂದದ್ದು. ನೆಲವೆಲ್ಲ ಮಂಜುಗಡ್ಡೆ, ಕೋಣೆಯ ತುಂಬ ಹಿಮದ ಗುಡ್ಡೆಗಳು. ಆನಾ ಒಂದು ಗುಡ್ಡೆಯಿಂದ ಇನ್ನೊಂದಕ್ಕೆ ಹಾರುತ್ತಾಳೆ. ಅವಳ ಕಾಲು ಕೆಳಗೆ ತಾಗುವಷ್ಟರಲ್ಲಿ ಅಕ್ಕ ಅಲ್ಲೊಂದು ಹೊಸ ಗುಡ್ಡೆ ಎಬ್ಬಿಸಬೇಕು. ಮತ್ತೆ ಹಾರು, ಮತ್ತೆ ಎಬ್ಬಿಸು. ವೇಗ ಏರುತ್ತದೆ. ಎಲ್ಸಾ ಜಾರಿ ಬೀಳುತ್ತಾಳೆ. ಬೀಳುತ್ತ ಕೈಚಾಚಿದಾಗ ಹೊಮ್ಮಿದ ಹಿಮ ತಂಗಿಯ ತಲೆಗೆ ಬಡಿಯುತ್ತದೆ. ಆನಾ ನೆಲಕ್ಕೆ. ಅವಳ ಕೂದಲಿನಲ್ಲಿ ಒಂದು ಎಳೆ ಬೆಳ್ಳಗಾಗುತ್ತದೆ.

ಇಲ್ಲಿ ದೊಡ್ಡವಳು ಕೈ ಹೊರಗೆ ತೆಗೆದು ರಿಮೋಟ್ ಹಿಡಿಯುತ್ತಾಳೆ. ಹಿಂದಕ್ಕೆ ಓಡಿಸುತ್ತಾಳೆ. ಮತ್ತೆ ಅದೇ ಆಟ, ಅದೇ ಜಾರುವ ಕಾಲು, ಅದೇ ಪೆಟ್ಟು. ಮತ್ತೆ ಹಿಂದಕ್ಕೆ. ಚಿಕ್ಕವಳು ಏನೂ ಹೇಳುವುದಿಲ್ಲ, ಹಪ್ಪಳ ಮುರಿಯುತ್ತಿದ್ದಾಳೆ. ಅವಳ ಎಡ ಹುಬ್ಬಿನ ಮೇಲೆ ಹೊಲಿಗೆಯ ಗುರುತು ಇನ್ನೂ ಎಳೆಗೆಂಪಾಗಿದೆ, ಐದು ಹೊಲಿಗೆ.

ಮೇ ತಿಂಗಳಲ್ಲಿ ಆದದ್ದು ಇಷ್ಟು. ಹಿತ್ತಿಲ ಹಲಸಿನ ಮರಕ್ಕೆ ಉಯ್ಯಾಲೆ ಕಟ್ಟಿದ್ದೆವು. ದೊಡ್ಡವಳು ದೂಡುತ್ತಿದ್ದಳು, ಚಿಕ್ಕವಳು ಕೂತಿದ್ದಳು. ನಾವೆಲ್ಲ ಒಳಗೆ ಮಾವಿನಹಣ್ಣು ಕೊಯ್ಯುತ್ತಿದ್ದೆವು. ಬೊಬ್ಬೆ ಕೇಳಿ ಓಡಿ ಹೋದಾಗ ಚಿಕ್ಕವಳು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿದ್ದಿದ್ದಳು. ದೊಡ್ಡವಳು ಅವಳ ಹಣೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದಳು. ಆ ಹತ್ತು ವರ್ಷದ ಹುಡುಗಿಗೆ ಅಷ್ಟು ಸಮಯಪ್ರಜ್ಞೆ ಎಲ್ಲಿಂದ ಬಂತೋ! ಆದರೆ ಅದನ್ನು ನಾವು ಯಾರೂ ಅವಳಿಗೆ ಹೇಳಲಿಲ್ಲ. ಚಿಕ್ಕವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಸಂಜೆ ಹಿಂದೆ ಬಂದಾಗ ದೊಡ್ಡವಳು ಬಾವಿಕಟ್ಟೆಯ ಬಳಿ ನಿಂತು ಕೈ ತೊಳೆಯುತ್ತಿದ್ದಳು. ರಕ್ತ ಯಾವಾಗಲೋ ಹೋಗಿತ್ತು. ಅವಳು ತೊಳೆಯುತ್ತಲೇ ಇದ್ದಳು.

ಆ ರಾತ್ರಿಯೇ ಉಯ್ಯಾಲೆಯ ಹಗ್ಗ ಕಡಿದು ಬಿಸಾಡಿದೆವು. ಮಕ್ಕಳ ಎದುರು ಆ ವಿಷಯ ತೆಗೆಯುವುದೇ ಬೇಡ, ಮರೆತುಬಿಡುತ್ತಾರೆ ಎಂದಳು ನನ್ನ ತಂಗಿ. ಎಲ್ಲರೂ ಹೂಂ ಅಂದೆವು. ನಾನೂ ಹೂಂ ಅಂದೆ. ಆ ಹೂಂ ಈಗ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ.

ಟಿವಿಯ ಕಡೆ ನೋಡಿ. ಅಲ್ಲಿಯ ದೊಡ್ಡವರೂ ಅದನ್ನೇ ಮಾಡುತ್ತಿದ್ದಾರೆ. ರಾಜ ರಾಣಿ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿಕೊಂಡು ಕಾಡಿಗೆ ಧಾವಿಸುತ್ತಾರೆ. ಕಲ್ಲುಗಳು ಉರುಳಿ ಬಂದು ಗಿಡ್ಡ ದೇಹದ ಟ್ರೋಲ್‌ಗಳಾಗಿ ಏಳುತ್ತವೆ. ಅವರಲ್ಲಿ ಹಿರಿಯ ಆನಾಳ ತಲೆ ಮುಟ್ಟಿ ವಾಸಿ ಮಾಡುತ್ತಾನೆ, ಜೊತೆಗೆ ಅಕ್ಕನ ಮಾಯದ ನೆನಪನ್ನೆಲ್ಲ ಅವಳಿಂದ ತೆಗೆದುಬಿಡುತ್ತಾನೆ. ಆಟದ ಸಂತೋಷ ಮಾತ್ರ ಉಳಿಯುತ್ತದೆ. ಊರಿಗೆ ಬಂದ ರಾಜ ಅರಮನೆಯ ಹೆಬ್ಬಾಗಿಲು ಮುಚ್ಚಿಸುತ್ತಾನೆ. ಎಲ್ಸಾಳ ಕೈಗೆ ಗವಸು ತೊಡಿಸುತ್ತಾನೆ. ಅಕ್ಕ ತಂಗಿಗೆ ಬೇರೆ ಬೇರೆ ಕೋಣೆ. ಮುಚ್ಚಿಡು, ತೋರಿಸಬೇಡ, ಇದೇ ಪಾಠ. ತಂಗಿ ಬಾಗಿಲು ತಟ್ಟುತ್ತಾಳೆ, ವರ್ಷ ವರ್ಷ ತಟ್ಟುತ್ತಾಳೆ. ಒಳಗಿನಿಂದ ಉತ್ತರವಿಲ್ಲ.

ಮೂರನೆಯ ಸಲ ಹಿಂದಕ್ಕೆ ಓಡಿಸಿದಾಗ ನನಗೆ ಒಂದು ಕಂಡಿತು; ಈ ಚಿತ್ರವನ್ನು ಎಷ್ಟೋ ಸಲ ನೋಡಿದ್ದರೂ ಮೊದಲು ಕಂಡಿರಲಿಲ್ಲ. ಪೆಟ್ಟು ಬೀಳುವ ಮುಂಚೆ ಎಲ್ಸಾ ತಂಗಿಗೆ ನಿಧಾನ ಮಾಡು ಎಂದು ಕೂಗುತ್ತಾಳೆ. ಆನಾ ಕೇಳುವುದಿಲ್ಲ, ಹಾರುತ್ತಲೇ ಇರುತ್ತಾಳೆ. ಹಾಗಾದರೆ ಆ ರಾತ್ರಿ ಏನಾಯಿತು ಎಂಬುದಕ್ಕೆ ಸಾಕ್ಷಿ ಇಬ್ಬರು. ಒಬ್ಬಳು ಹೊಡೆದವಳು, ಇನ್ನೊಬ್ಬಳು ಹಾರಿದವಳು. ಹಾರಿದವಳ ನೆನಪನ್ನು ಅಳಿಸಿಯಾಯಿತು. ಅಕ್ಕನಿಗೆ ಉಳಿದದ್ದು ತನ್ನ ಪಾಲಿನ ಅರ್ಧ ಮಾತ್ರ: ನನ್ನ ಕೈ, ನನ್ನ ಹಿಮ, ನನ್ನಿಂದ ಬಿದ್ದ ತಂಗಿ. ‘ನಾನೇ ಹಾರಿದ್ದು ಅಕ್ಕಾ’ ಎಂದು ಹೇಳಬಲ್ಲ ಒಂದೇ ಒಂದು ಬಾಯಿಯನ್ನು ದೊಡ್ಡವರು ಒಳ್ಳೆಯ ಮನಸ್ಸಿನಿಂದಲೇ ಮುಚ್ಚಿದರು.

ಎಲ್ಸಾ ಮೊದಲು ಇಂಥವಳಾಗಿರಲಿಲ್ಲ ಎಂಬುದನ್ನೂ ನೀವು ತಿಳಿದಿರಬೇಕು. ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1844ರಲ್ಲಿ ಬರೆದ ಹಿಮರಾಣಿಯ ಕತೆಯಿಂದ ಈ ಚಿತ್ರ ಹುಟ್ಟಿತು. ಆ ರಾಣಿ ಮಗುವನ್ನು ಕದ್ದೊಯ್ಯುವ ತಣ್ಣಗಿನ ಹೆಂಗಸು. ಡಿಸ್ನಿಯವರ ಮೊದಲ ಕರಡುಗಳಲ್ಲಿ ಎಲ್ಸಾ ಕೂಡ ಖಳನಾಯಕಿಯೇ. ಆಮೇಲೆ ಕ್ರಿಸ್ಟನ್ ಆಂಡರ್ಸನ್-ಲೋಪೆಜ್ ಮತ್ತು ರಾಬರ್ಟ್ ಲೋಪೆಜ್ ದಂಪತಿ ಅವಳಿಗಾಗಿ ‘ಲೆಟ್ ಇಟ್ ಗೋ’ ಹಾಡು ಕಟ್ಟಿ ತಂದರು. ಆ ಹಾಡು ಕೇಳಿದ ಮೇಲೆ ಇವಳನ್ನು ಕೆಟ್ಟವಳಾಗಿ ಉಳಿಸುವುದು ಯಾರಿಂದಲೂ ಆಗಲಿಲ್ಲ. ಕತೆಯನ್ನೇ ತಿರುಗಿಸಿ ಬರೆದರು. ಚಿತ್ರ 2013ರ ನವೆಂಬರಿನಲ್ಲಿ ತೆರೆಕಂಡಿತು. ಕ್ರಿಸ್ ಬಕ್ ಜೊತೆ ನಿರ್ದೇಶಿಸಿದ ಜೆನಿಫರ್ ಲೀ, ಡಿಸ್ನಿಯ ಅನಿಮೇಶನ್ ಸ್ಟುಡಿಯೋದ ಪೂರ್ಣ ಚಿತ್ರವೊಂದನ್ನು ನಿರ್ದೇಶಿಸಿದ ಮೊದಲ ಹೆಂಗಸು. ಕ್ರೂರಿ ಎಂದುಕೊಂಡವಳ ಒಳಗೆ ಹೆದರಿದ ಮಗುವೊಂದು ಕೂತಿತ್ತು ಎಂಬುದು ಒಂದು ಹಾಡಿನಿಂದ ಗೊತ್ತಾಯಿತು, ಅಂದರೆ ಅವಳಿಗೆ ಬಾಯಿ ಬಂದ ಮೇಲೆ.

ಆ ಹಾಡು ಬಂದಾಗ ಚಿಕ್ಕವಳು ಎದ್ದು ಕುಣಿಯುತ್ತಾಳೆ. ಹೆಗಲ ಮೇಲಿನ ಬೈರಾಸನ್ನು ಎಲ್ಸಾಳ ಮೇಲಂಗಿಯ ಹಾಗೆ ಬಿಸಾಡುತ್ತಾಳೆ. ಹಿಮ ಎಂದರೆ ನಮ್ಮ ಊರಿನ ಮಕ್ಕಳಿಗೆ ಏನು ಗೊತ್ತು? ಐಡಿಯಲ್‌ನ ಗಡ್‌ಬಡ್ ಐಸ್‌ಕ್ರೀಮ್ ಗೊತ್ತು, ದಕ್ಕೆಯಲ್ಲಿ ಮೀನಿನ ಮೇಲೆ ಸುರಿಯುವ ಮಂಜುಗಡ್ಡೆ ಗೊತ್ತು. ಆದರೂ ಗವಸು ಕಿತ್ತೆಸೆಯುವುದು ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೊಡ್ಡವಳು ಮಾತ್ರ ಕುಣಿಯಲಿಲ್ಲ. ಎಲ್ಸಾ ಬೆಟ್ಟದ ತುದಿಯಲ್ಲಿ ಮಂಜಿನ ಅರಮನೆ ಕಟ್ಟಿ, ಬಾಗಿಲನ್ನು ದಢಾರನೆ ಮುಚ್ಚುವುದನ್ನು ನೋಡುತ್ತ ಮೆಲ್ಲಗೆ ಹೇಳಿದಳು, “ಇಲ್ಲಿ ಕೂಡ ಬಾಗಿಲು ಹಾಕಿದ್ಲು.” ಮಳೆಯಲ್ಲಿ ನಿಮಗೆ ಕೇಳಿಸಿತೋ ಇಲ್ಲವೋ. ನನಗೆ ಕೇಳಿತು. ಜಗತ್ತೆಲ್ಲ ಬಿಡುಗಡೆಯ ಹಾಡು ಎಂದು ಕುಣಿದದ್ದರಲ್ಲಿ ಇವಳಿಗೆ ಕಂಡದ್ದು ಇನ್ನೊಂದು ಮುಚ್ಚಿದ ಬಾಗಿಲು. ಅವಳು ಸರಿ. ಅದೇ ಅರಮನೆಯೊಳಗೆ ಎಲ್ಸಾ ಇನ್ನೊಮ್ಮೆ ತಂಗಿಗೆ ಹೊಡೆಯುತ್ತಾಳೆ. ಈ ಸಲ ಎದೆಗೆ.

ಊಟಕ್ಕೆ ಪತ್ರೊಡೆ. ಕೆಸುವಿನ ಎಲೆ ಅಮ್ಮ ಹಿತ್ತಿಲಿನಿಂದಲೇ ಕೊಯ್ದದ್ದು. ಬಿಸಿ ಬಿಸಿ ತಿಂದು ಬನ್ನಿ, ಎರಡನೆಯ ಚಿತ್ರ ಹಾಕಬೇಕಂತೆ.

ಇದನ್ನು ನಾನು ದೊಡ್ಡವಳ ಜೊತೆ 2019ರ ನವೆಂಬರಿನಲ್ಲಿ ಬಿಜೈಯ ಭಾರತ್ ಮಾಲ್‌ನ ಥಿಯೇಟರಿನಲ್ಲಿ ನೋಡಿದ್ದೆ. ಆಗ ಅವಳು ಸಣ್ಣ ಮಗು, ಅರ್ಧಕ್ಕೇ ನನ್ನ ಮಡಿಲಲ್ಲಿ ನಿದ್ದೆಹೋಗಿದ್ದಳು. ಹಿಂದಿಯಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಎಲ್ಸಾ ಮಾತಾಡಿದಳು, ಕನ್ನಡದಲ್ಲಿ ಮಾತಾಡಲಿಲ್ಲ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಕೇಳಿ, ತುಳುವಿನಲ್ಲಿ ಯೋಚಿಸಿ, ಕನ್ನಡದಲ್ಲಿ ಪ್ರಶ್ನೆ ಕೇಳುತ್ತಾರೆ.

ಎರಡನೆಯ ಚಿತ್ರದಲ್ಲಿ ಎಲ್ಸಾ ರಾಣಿ. ಬಾಗಿಲುಗಳೆಲ್ಲ ತೆರೆದಿವೆ, ಜನ ಪ್ರೀತಿಸುತ್ತಾರೆ. ಹಾಗಿದ್ದೂ ರಾತ್ರಿ ಒಂದು ದನಿ ಅವಳನ್ನು ಕರೆಯುತ್ತದೆ, ಅವಳಿಗೆ ಮಾತ್ರ ಕೇಳುವ ದನಿ. ಅದರ ಬೆನ್ನು ಹಿಡಿದು ಉತ್ತರದ ಮಂಜಿನ ಕಾಡಿಗೆ ಹೊರಡುತ್ತಾಳೆ. ದಾರಿಯಲ್ಲಿ ಒಡೆದ ಹಡಗೊಂದು ಸಿಗುತ್ತದೆ. ಅದು ಅಪ್ಪ ಅಮ್ಮ ಮುಳುಗಿಹೋದ ಹಡಗು. ಒಳಗೆ ಹುಡುಕಿದಾಗ ಗೊತ್ತಾಗುತ್ತದೆ: ಅವರು ಸಮುದ್ರಕ್ಕಿಳಿದದ್ದು ಎಲ್ಸಾಳ ಮಾಯದ ಮೂಲ ಹುಡುಕಲು. ನನ್ನಿಂದಲೇ ಸತ್ತರು ಎಂದು ಎಲ್ಸಾ ಕುಸಿಯುತ್ತಾಳೆ. ಅದು ಅವರ ತೀರ್ಮಾನ, ನಿನ್ನ ತಪ್ಪಲ್ಲ ಎಂದು ತಂಗಿ ಅವಳನ್ನು ಹಿಡಿದೆತ್ತುತ್ತಾಳೆ. ಮೊದಲ ಚಿತ್ರದಲ್ಲಿ ಈ ಮಾತು ಹೇಳಬೇಕಾಗಿದ್ದಾಗ ಆನಾಳಿಗೆ ನೆನಪೇ ಇರಲಿಲ್ಲ. ಈಗ ಅವಳಿಗೆ ಗೊತ್ತಿದೆ, ಅದಕ್ಕೇ ಹೇಳುತ್ತಾಳೆ.

ಆಮೇಲೆ ಸಮುದ್ರ. ಇದನ್ನು ನಮ್ಮ ಊರಿನಲ್ಲಿ ಕೂತು, ಆಟಿಯಲ್ಲಿ ನೋಡಬೇಕು. ಇಂಥ ದಿನ ಸೋಮೇಶ್ವರದ ಬಂಡೆಗಳ ಮೇಲೆ ನಿಂತವರಿಗೆ ಆ ನೀರಿನ ಬಣ್ಣ ಗೊತ್ತು: ಮಣ್ಣು ಕಲಸಿದ ಕಪ್ಪು, ಅದರ ಮೇಲೆ ಹಲ್ಲು ಕಿರಿದ ಹಾಗೆ ನೊರೆ. ಎಲ್ಸಾ ಕೂದಲು ಬಿಗಿಯಾಗಿ ಕಟ್ಟಿ, ಬರಿಗಾಲಿನಲ್ಲಿ, ತೆರೆಯ ಎದುರು ಓಡುತ್ತಾಳೆ. ಕಾಲಿಡುವಲ್ಲಿ ಒಂದೊಂದು ಮಂಜಿನ ಹೆಜ್ಜೆ ಮೂಡುತ್ತದೆ. ತೆರೆ ಅವಳನ್ನು ಎತ್ತಿ ಒಗೆಯುತ್ತದೆ. ಮತ್ತೆ ಓಡುತ್ತಾಳೆ. ನೀರೇ ಮೈಯಾದ ಒಂದು ಕುದುರೆ ಬಂದು ಅವಳನ್ನು ಕೆಳಗೆಳೆಯುತ್ತದೆ. ನೀರಿನೊಳಗೆ ಸದ್ದಿಲ್ಲ, ಬರೀ ಗುಳ್ಳೆಗಳು. ಚಿಕ್ಕವಳು ಕಣ್ಣು ಮುಚ್ಚಿದ್ದಾಳೆ. ಅಪ್ಪ ಅಮ್ಮನನ್ನು ನುಂಗಿದ್ದು ಇದೇ ಸಮುದ್ರ. ಕೊನೆಗೆ ಮಂಜಿನ ಲಗಾಮು ಹಾಕಿ ಕುದುರೆಯ ಬೆನ್ನೇರುತ್ತಾಳೆ. ದೊಡ್ಡವಳ ಎರಡೂ ಕೈ ಯಾವಾಗಲೋ ಹೊರಬಂದಿವೆ. ಹಗ್ಗ ಹಿಡಿದವಳ ಹಾಗೆ ಮುಷ್ಟಿ ಬಿಗಿದಿದ್ದಾಳೆ. ಅವಳಿಗೆ ಅದು ಗೊತ್ತಿಲ್ಲ. ನಾನೂ ನೋಡದವಳ ಹಾಗೆ ಕೂತಿದ್ದೇನೆ.

ಸಮುದ್ರದಾಚೆ ಆಹ್ಟೊಹಾಲನ್. ಹಿಮನದಿಯ ಹೊಟ್ಟೆಯೊಳಗಿನ ಗುಹೆ. ನೀರಿಗೆ ನೆನಪಿದೆ ಎಂಬುದು ಈ ಚಿತ್ರದ ನಂಬಿಕೆ. ನಡೆದದ್ದೆಲ್ಲ ಇಲ್ಲಿ ಹೆಪ್ಪುಗಟ್ಟಿ ನಿಂತಿದೆ. ತನ್ನನ್ನು ಕರೆದ ದನಿ ತಾಯಿಯದೆಂದು ಎಲ್ಸಾಳಿಗೆ ತಿಳಿಯುತ್ತದೆ. ಅಪ್ಪ ಅಮ್ಮ ಮಕ್ಕಳಾಗಿದ್ದ ದಿನ ಹಿಮದ ಗೊಂಬೆಯಾಗಿ ಎದ್ದು ನಿಲ್ಲುತ್ತದೆ. ಅಜ್ಜ ಕಟ್ಟಿಸಿದ ಅಣೆಕಟ್ಟು ಕಾಣಿಕೆಯಲ್ಲ, ಕಾಡಿನ ಜನರ ಕೊರಳಿಗೆ ಹಾಕಿದ ಉರುಳು. ಬರಿಗೈಯಲ್ಲಿ ಬಂದ ಅವರ ಮುಖಂಡನನ್ನು ಅಜ್ಜನೇ ಹಿಂದಿನಿಂದ ಕಡಿದ. ಅದೂ ಇಲ್ಲಿಯೇ ನಿಂತಿದೆ, ಕತ್ತಿ ಎತ್ತಿದ ಕೈ ಸಮೇತ. ಅದನ್ನು ನೋಡಲು ಇನ್ನೂ ಆಳಕ್ಕೆ ಧುಮುಕಿದ ಎಲ್ಸಾ ಬೆರಳಿನಿಂದ ಮೇಲಕ್ಕೆ ಹೆಪ್ಪುಗಟ್ಟತೊಡಗುತ್ತಾಳೆ. ಕಂಡದ್ದನ್ನು ತಂಗಿಗೆ ಮುಟ್ಟಿಸುವಷ್ಟು ಉಸಿರು ಮಾತ್ರ ಉಳಿದಿದೆ.

ಕರೆಂಟ್ ಹೋಯಿತು.

ಕತ್ತಲೆ. ಮಳೆ ಇದ್ದಕ್ಕಿದ್ದಂತೆ ದೊಡ್ಡದಾಯಿತು. ಹೆದರಬೇಡಿ, ಆಟಿಯಲ್ಲಿ ಇದು ದಿನದ ಮಾತು. ಅಮ್ಮ ದೀಪ ಹಿಡಿದು ಬರುತ್ತಾರೆ. ಅವರ ಕಂಕುಳಲ್ಲಿ ಏನೋ ಉಂಟು, ಹಳೆಯ ಲುಂಗಿಯಲ್ಲಿ ಸುತ್ತಿದ್ದು. ಬಿಚ್ಚಿದಾಗ ಹಲಸಿನ ಮರದ ಚೆನ್ನೆಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಅಟ್ಟದಿಂದ ಇದನ್ನು ಇಳಿಸುವುದೇ ಆಟಿಯಲ್ಲಿ. ಗದ್ದೆ ಕೆಲಸ ಮುಗಿದು, ಹೊರಗೆ ಕಾಲಿಡಲಾಗದ ಈ ತಿಂಗಳಿಗೆಂದೇ ಇರುವ ಆಟ. ಮಂಜೊಟ್ಟಿ ಕಾಯಿಗಳು ದೀಪದ ಬೆಳಕಿಗೆ ರಕ್ತದ ಹನಿಯ ಹಾಗೆ ಹೊಳೆಯುತ್ತವೆ. ಗುಳಿಗೆ ನಾಲ್ಕರಂತೆ ಐವತ್ತಾರು.

ಚಿಕ್ಕವಳು ಕೂಡಲೇ ಎದುರು ಬಂದು ಕೂತಳು. “ಅಕ್ಕ, ನಾನು ಮತ್ತು ನೀನು.”

“ನೀವಿಬ್ಬರು ಆಡಲಿಕ್ಕಿಲ್ಲ,” ಎಂದರು ಅಮ್ಮ. “ಅಕ್ಕ ತಂಗಿ ಎದುರು ಬದುರು ಕೂತು ಚೆನ್ನೆ ಆಡಬಾರದು. ಒಬ್ಬೊಬ್ಬರಾಗಿ ನನ್ನ ಜೊತೆ ಆಡಿ.”

“ಯಾಕೆ ಅಜ್ಜಿ?” ಕೇಳಿದ್ದು ದೊಡ್ಡವಳು.

“ಅದಕ್ಕೊಂದು ಕತೆ ಉಂಟು, ಮಗಾ.”

ಅಡುಗೆಮನೆಯ ಬಾಗಿಲಲ್ಲಿ ನನ್ನ ತಂಗಿ. “ಅಮ್ಮಾ, ಅದೆಲ್ಲ ಈಗ ಎಂತಕ್ಕೆ?” ಅವಳ ದನಿ ನಡುಗುವುದು ಮಳೆಯಲ್ಲೂ ತಿಳಿಯುತ್ತದೆ. ಅವಳಿಗೆ ಆ ಕತೆ ಗೊತ್ತು. ತುಳುನಾಡಿನ ಹೆಣ್ಣುಮಕ್ಕಳಿಗೆಲ್ಲ ಗೊತ್ತು.

ಅಮ್ಮ ತಲೆ ಎತ್ತಲಿಲ್ಲ, ಗುಳಿಗೆ ಕಾಯಿ ತುಂಬುತ್ತಲೇ ಇದ್ದರು. “ಹೇಳದೆ ಇದ್ದು ಎಂತ ಆಯ್ತು? ಎರಡು ತಿಂಗಳು ನೋಡಿದೆವಲ್ಲ.”

ಕತೆ ಸಿರಿಯ ಪಾಡ್ದನದ್ದು, ತುಳುವಿನ ಹಾಡುಗತೆಯದ್ದು. ಬೆರ್ಮೆರ್ ದೈವದ ಪ್ರಸಾದದಿಂದ, ಅಡಿಕೆಯ ಹಿಂಗಾರದಲ್ಲಿ ಹುಟ್ಟಿ ಬಂದ ಸಿರಿ. ಗಂಡ ಕಾಂತು ಪೂಂಜ ಸೂಳೆಮನೆಗೆ ಒಯ್ದ ಸೀರೆಯನ್ನೇ ಅವಳ ಬಯಕೆಯ ಸೀರೆ ಎಂದು ತಂದಾಗ ಉಡಲಾರೆ ಎಂದವಳು. ಕೊನೆಗೆ ಅವನನ್ನೇ ಬಿಟ್ಟು, ಕೂಸು ಕುಮಾರನನ್ನು ಎತ್ತಿಕೊಂಡು ಮನೆಯಿಂದ ಹೊರನಡೆದವಳು. ಅವಳ ಮಗಳು ಸೊನ್ನೆ. ಸೊನ್ನೆಯ ಅವಳಿ ಮಕ್ಕಳು ಅಬ್ಬಗೆ, ದಾರಗೆ. ಹರಕೆ ಹೊತ್ತು ಪಡೆದ ಮಕ್ಕಳು. ಹರಕೆಯನ್ನು ದೊಡ್ಡವರು ಮರೆತರು. ಮನೆಯಲ್ಲಿ ಇಬ್ಬರೇ ಇದ್ದಾಗ ಚೆನ್ನೆ ಆಡಲು ಕೂತರು. ಅಬ್ಬಗೆ ಸೋತಳು, ಮತ್ತೆ ಸೋತಳು. ಸಿಟ್ಟಿನ ಭರದಲ್ಲಿ ಚೆನ್ನೆಮಣೆ ಎತ್ತಿ ತಂಗಿಯ ತಲೆಗೆ ಹೊಡೆದಳು. ದಾರಗೆ ಮತ್ತೆ ಏಳಲಿಲ್ಲ. ಅಬ್ಬಗೆಯೂ ಬಾವಿಗೆ ಹಾರಿದಳು.

ಅಮ್ಮ ಏನನ್ನೂ ಬಿಡಲಿಲ್ಲ. ಬಾವಿಯನ್ನೂ ಹೇಳಿದರು. ನನ್ನ ತಂಗಿ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. ದೊಡ್ಡವಳ ಮುಖ ದೀಪದ ಬೆಳಕಿನಲ್ಲಿ ಸುಣ್ಣದ ಹಾಗಿತ್ತು.

“ಆಮೇಲೆ?” ಎಂದಳು.

ಬೇರೆಯವರಾದರೆ ಕತೆ ಅಲ್ಲಿಗೆ ಮುಗಿಯಿತು ಎನ್ನುತ್ತಿದ್ದರು. ಅಮ್ಮ ಆ ‘ಆಮೇಲೆ’ಗಾಗಿಯೇ ಕತೆ ತೆಗೆದವರು. “ಆಮೇಲೆ ಅವರನ್ನು ಯಾರೂ ಬಿಟ್ಟುಹಾಕಲಿಲ್ಲ, ಮಗಾ. ಪ್ರತಿ ವರ್ಷ ಕರೆಯುತ್ತಾರೆ. ಅಕ್ಕನನ್ನೂ ಕರೆಯುತ್ತಾರೆ, ತಂಗಿಯನ್ನೂ ಕರೆಯುತ್ತಾರೆ. ಒಟ್ಟಿಗೆ.”

ಎಲ್ಲಿ ಕರೆಯುತ್ತಾರೆಂದು ನಾನು ನೋಡಿದ್ದೇನೆ. ಮುಲ್ಕಿಯ ಹತ್ತಿರದ ಕವತ್ತಾರು ಆಲಡೆ ಎಂಬ ದೈವಸ್ಥಾನ, ಸಿರಿ ಜಾತ್ರೆಯ ರಾತ್ರಿ. ನನಗೆ ಎಂಟು ವರ್ಷ, ಅಮ್ಮನ ಸೆರಗು ಹಿಡಿದಿದ್ದೆ. ತಿಂಗಳ ಬೆಳಕು, ಹಿಂಗಾರದ ಪರಿಮಳ, ಬೆವರು. ಹೆಂಗಸರು ಸಾಲಾಗಿ ನಿಂತಿದ್ದಾರೆ, ಎರಡೂ ಕೈಯಲ್ಲಿ ಹಿಂಗಾರ, ಬಿಚ್ಚಿದ ಕೂದಲು. ಒಬ್ಬೊಬ್ಬರ ಮೈಮೇಲೂ ಆವೇಶ ಬರುತ್ತಿದೆ. ಒಬ್ಬಳು ಸಿರಿ, ಒಬ್ಬಳು ಸೊನ್ನೆ, ಒಬ್ಬಳು ಅಬ್ಬಗೆ, ಒಬ್ಬಳು ದಾರಗೆ. ಹಾಡು ಏಳುತ್ತದೆ, ಇಳಿಯುತ್ತದೆ. ಕುಮಾರನಾಗಿ ನಿಂತ ಗಂಡಸು ಒಬ್ಬೊಬ್ಬಳ ಹತ್ತಿರವೂ ಹೋಗಿ ಕೇಳುತ್ತಾನೆ, ನೀನು ಯಾರು. ಮೊದಲ ಸಲ ಬಂದ ಹೆಂಗಸೊಬ್ಬಳು ನಡುಗುತ್ತಾಳೆ, ಉತ್ತರ ಬರುವುದಿಲ್ಲ. ಅವಳ ಗಂಡ, ಅತ್ತೆ, ಮೈದುನಂದಿರು ಸುತ್ತ ನಿಂತಿದ್ದಾರೆ. ಕುಮಾರ ಗದರುವುದಿಲ್ಲ. ಮತ್ತೆ ಕೇಳುತ್ತಾನೆ, ಸಮಾಧಾನ ಹೇಳುತ್ತಾನೆ, ಮತ್ತೆ ಕೇಳುತ್ತಾನೆ. ಬಹಳ ಹೊತ್ತಿನ ಮೇಲೆ ಅವಳ ಬಾಯಿಂದ ಒಂದು ಕೂಗು ಹೊರಟಿತು. ಅದರ ಹಿಂದೆಯೇ ಮಾತು. ಏನೆಂದಳೋ ನನಗೆ ಅರ್ಥವಾಗುವ ವಯಸ್ಸಲ್ಲ. ಅವಳ ಅತ್ತೆ ಕೈಮುಗಿದು ನಿಂತು ಕೇಳಿದ್ದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ 1970ರ ದಶಕದಲ್ಲೇ ಈ ಆಚರಣೆಯ ಬಗ್ಗೆ ಬರೆದರು. ಫಿನ್‌ಲ್ಯಾಂಡಿನ ಲೌರಿ ಹಾಂಕೊ, ನಮ್ಮ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆಗೂಡಿ, ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿಯನ್ನು ಬರೆದುಕೊಂಡರು. 1998ರಲ್ಲಿ ಅಚ್ಚಾದ ಆ ಪಠ್ಯ 15,683 ಸಾಲು. ಅಷ್ಟು ಉದ್ದದ ಮಾತು ನಮ್ಮ ನಾಡಿನಲ್ಲಿ ಓದು ಬರಹವಿಲ್ಲದವರ ನಾಲಗೆಯ ಮೇಲೆ ಇತ್ತು ಎಂಬುದು ನನಗೆ ಯಾವ ಅರಮನೆಗಿಂತಲೂ ದೊಡ್ಡದು. ನೋವಿಗೆ ಬಾಯಿ ಬೇಕು, ಆ ಬಾಯಿಯ ಎದುರು ಕಿವಿಗಳು ಇರಬೇಕು ಎಂದು ಆಲಡೆ ಕಟ್ಟಿದವರಿಗೆ ಗೊತ್ತಿತ್ತು. ನಮಗೆ ಮರೆತುಹೋಗಿತ್ತು.

ಈಗ ಚಾವಡಿಗೆ ಬನ್ನಿ. ಮಳೆ ಸ್ವಲ್ಪ ತಗ್ಗಿದೆ. ದೀಪದ ಸುತ್ತ ಹಾತೆ ಹಾರುತ್ತಿವೆ.

ದೊಡ್ಡವಳು ಚೆನ್ನೆಮಣೆ ನೋಡುತ್ತ ಹೇಳಿದಳು, “ನಾನೇ ಅವಳನ್ನು ದೂಡಿದ್ದು.”

ಯಾರೂ ಉಸಿರೆತ್ತಲಿಲ್ಲ.

“ಜೋರಾಗಿ ದೂಡಿದೆ. ಅವಳು ಬೊಬ್ಬೆ ಹಾಕ್ತಾ ಇದ್ಲು. ಬೇಡ, ಸಾಕು ಅಂತ. ನಾನು ನಿಲ್ಲಿಸ್ಲಿಲ್ಲ. ನಂಗೆ ಖುಷಿ ಆಗ್ತಿತ್ತು.” ಕೊನೆಯ ಮಾತಿಗೆ ದನಿ ಒಡೆಯಿತು. ಎರಡು ತಿಂಗಳು ತೊಡೆಯ ಕೆಳಗೆ ಒತ್ತಿಟ್ಟದ್ದು ಇದು, ತನಗೆ ಖುಷಿಯಾಗಿತ್ತು ಎಂಬುದು.

ನನ್ನ ತಂಗಿ ಎರಡು ಹೆಜ್ಜೆ ಮುಂದೆ ಬಂದಳು. ಅಮ್ಮ ಕೈ ಎತ್ತಿ ಅಲ್ಲೇ ನಿಲ್ಲಿಸಿದರು.

ಚಿಕ್ಕವಳು ಒಂದು ಮಂಜೊಟ್ಟಿ ಕಾಯಿಯನ್ನು ಗುಳಿಯಲ್ಲಿ ಉರುಳಿಸುತ್ತಿದ್ದವಳು ತಲೆ ಎತ್ತಿದಳು. “ನಾನು ಬೇಡ ಹೇಳ್ಲೇ ಇಲ್ಲ.”

“ಹೇಳಿದ್ದಿ.”

“ಇಲ್ಲ. ಇನ್ನೂ ಜೋರು, ಇನ್ನೂ ಜೋರು ಹೇಳಿದ್ದು. ಮತ್ತೆ ಇರುವೆ ಕಚ್ಚಿತು. ಕೆಂಪು ಇರುವೆ. ಹಗ್ಗದಲ್ಲಿ ಇತ್ತು. ನಾನು ಕೈ ಬಿಟ್ಟೆ.”

ಹಲಸಿನ ಮರದ ಮೇಲಿನ ಕೆಂಪಿರುವೆಯ ಗೂಡು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕೊಂಬೆಯಿಂದ ಹಗ್ಗಕ್ಕೆ ಅವು ಇಳಿಯದೆ ಇರುತ್ತವೆಯೇ! ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

“ಸುಳ್ಳು,” ಎಂದಳು ದೊಡ್ಡವಳು. ಅವಳಿಗೆ ನಂಬಲು ಹೆದರಿಕೆ. “ಮತ್ತೆ ನೀನು ಯಾಕೆ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ಲ. ಅಮ್ಮ ಆ ವಿಷಯ ಮಾತಾಡ್ಬಾರ್ದು ಹೇಳಿದ್ರು.”

ನಿಮ್ಮ ಪಕ್ಕದಲ್ಲಿ ಕೂತ ನನಗೆ ಆ ಕ್ಷಣ ಎಲ್ಲಿ ಮುಖ ಮರೆಸಲಿ ಎನ್ನಿಸಿತು. ಕಾಡಿನ ಟ್ರೋಲ್‌ನ ಹಾಗೆ ನಮಗೆ ಮಾಯದ ಬೆರಳುಗಳಿರಲಿಲ್ಲ. ಚಿಕ್ಕವಳ ನೆನಪು ಅವಳಲ್ಲೇ ಇತ್ತು, ಇರುವೆ ಸಮೇತ, ಹಗ್ಗ ಸಮೇತ. ನಾವು ಕೇಳದೆ ಉಳಿದದ್ದೇ ಸಾಕಾಯಿತು.

ಬಹಳ ಹೊತ್ತು ಮಳೆಯೊಂದೇ ಮಾತಾಡಿತು. ಆಮೇಲೆ ದೊಡ್ಡವಳು ಕೇಳಿದಳು, “ಯಾವ ಬೆರಳು?”

ಚಿಕ್ಕವಳು ಎಡಗೈಯ ಕಿರುಬೆರಳು ಮುಂದೆ ಮಾಡಿದಳು. ಗುರುತೇನೂ ಇಲ್ಲ, ಎರಡು ತಿಂಗಳ ಹಿಂದಿನ ಇರುವೆ ಕಡಿತಕ್ಕೆ ಎಲ್ಲಿಯ ಗುರುತು. ದೊಡ್ಡವಳು ಆ ಬೆರಳನ್ನು ತನ್ನ ಕೈಗೆ ತೆಗೆದುಕೊಂಡಳು. ದೀಪದ ಹತ್ತಿರ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದಳು. ನನ್ನ ತಂಗಿ ಬಾಗಿಲ ಬಳಿಯೇ ಕುಕ್ಕರಿಸಿ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಅಮ್ಮ ಮೊದಲ ಗುಳಿಯ ನಾಲ್ಕು ಕಾಯಿ ಎತ್ತಿ ಆಟ ಶುರು ಮಾಡಿದರು.

ಕರೆಂಟ್ ಬಂದದ್ದು ಸಂಜೆ. ಎಲ್ಸಾಳನ್ನು ಆ ಮಂಜಿನಿಂದ ಬಿಡಿಸಿದ್ದು ಮರುದಿನ. ಅಕ್ಕ ಕಳಿಸಿದ ಸತ್ಯವನ್ನು ಕೈಗೆತ್ತಿಕೊಂಡ ಆನಾ, ಅಜ್ಜನ ಅಣೆಕಟ್ಟನ್ನು ಒಡೆಸುತ್ತಾಳೆ. ಆ ನೀರು ಹರಿದ ಮೇಲೆಯೇ ಎಲ್ಸಾಳ ಮೈ ಬೆಚ್ಚಗಾಗುವುದು. ಆಳಕ್ಕೆ ಒಬ್ಬಳೇ ಇಳಿಯಬಹುದು, ಆದರೆ ಮೇಲೆ ಬರಲು ಇನ್ನೊಬ್ಬಳು ಬೇಕಾಯಿತು. ದೊಡ್ಡವಳು ಒಂದೇ ದಿನದಲ್ಲಿ ಮೊದಲಿನಂತಾದಳು ಎಂದು ನಾನು ಹೇಳಲಾರೆ. ಆ ವಾರದಲ್ಲಿ ಎರಡು ರಾತ್ರಿ ಎದ್ದು ಕೂತು ಅತ್ತಳು. ಈಗ ಅವಳ ಅಮ್ಮ ಪಕ್ಕದಲ್ಲಿ ಕೂತು ಕೇಳುತ್ತಾಳೆ. ಅದೇ ಪ್ರಶ್ನೆಗಳು, ಅದೇ ಉತ್ತರಗಳು, ಇರುವೆ, ಹಗ್ಗ, ಕಲ್ಲು. ಹಣೆಯನ್ನು ಅದುಮಿ ಹಿಡಿದದ್ದು ನೀನೇ ಎಂದು ನಾನೂ ಹೇಳಿದೆ. ಅವಳಿಗೆ ಅದು ನೆನಪೇ ಇರಲಿಲ್ಲ.

ಆಗಸ್ಟ್ 1ರ ಬೆಳಗ್ಗೆ ಇನ್ನೊಮ್ಮೆ ನನ್ನ ಜೊತೆ ಬನ್ನಿ, ಬಂದರಿನ ದಕ್ಕೆಗೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದಿದೆ. 61 ದಿನ ದಡಕ್ಕೆ ಕಟ್ಟಿದ್ದ ಬೋಟುಗಳಿಗೆ ಹೊಸ ಬಣ್ಣ, ಹೊಸ ಹಗ್ಗ, ಮೂತಿಗೆ ಸೇವಂತಿಗೆ ಹಾರ. ಡೀಸೆಲ್ ವಾಸನೆ, ಉಪ್ಪಿನ ವಾಸನೆ. ಐಸ್ ಪ್ಲಾಂಟಿನಿಂದ ಬಂದ ಮಂಜುಗಡ್ಡೆಗಳನ್ನು ಯಂತ್ರದಲ್ಲಿ ಪುಡಿ ಮಾಡಿ ಬೋಟಿನ ಹೊಟ್ಟೆಗೆ ಸುರಿಯುತ್ತಿದ್ದಾರೆ, ಗರಗರ ಸದ್ದು. ಕಾಲಡಿಯಲ್ಲಿ ಕೆಸರು ನೀರು, ಜಾರುತ್ತದೆ, ನೋಡಿ ನಡೆಯಿರಿ.

ನಮ್ಮ ಮುಂದೆ ಇಬ್ಬರೂ ನಡೆಯುತ್ತಿದ್ದಾರೆ. ಒಂದು ಕಡೆ ಚಿಕ್ಕವಳ ಕಾಲು ಜಾರಿತು. ದೊಡ್ಡವಳು ಬ್ಯಾಗಿನ ಪಟ್ಟಿ ಹುಡುಕಲಿಲ್ಲ, ಬ್ಯಾಗೂ ಇರಲಿಲ್ಲ. ಮಣಿಕಟ್ಟು ಹಿಡಿದು ಎಳೆದು ನಿಲ್ಲಿಸಿದಳು. ಹಾಗೆಯೇ ಹಿಡಿದುಕೊಂಡು ಗಾಡಿಯಲ್ಲಿ ಪೇರಿಸಿದ ಮಂಜುಗಡ್ಡೆಗಳ ಹತ್ತಿರ ಹೋದಳು. ಆಳೆತ್ತರದ ಬಿಳಿ ಹಲಗೆಗಳು, ಒಳಗೆ ಗಾಳಿಯ ಗುಳ್ಳೆಗಳು, ಮೇಲೆ ಹೊಗೆಯಾಡುವ ತಣ್ಪು. ಕೆಲಸದ ಅಣ್ಣ ಒಬ್ಬರು ನೋಡಿ ನಕ್ಕು, ಮುಟ್ಟಿ ಎಂದರು.

ಇಬ್ಬರೂ ಅಂಗೈ ಒತ್ತಿದರು. ದೊಡ್ಡವಳು ಎರಡೂ ಕೈ.

“ಮೊದಲು ತೆಗೆದವರು ಸೋತದ್ದು,” ಎಂದಳು ಚಿಕ್ಕವಳು.

“ನಂಗೆ ಚಳಿ ಇಲ್ಲ.”

“ನಂಗೂ ಇಲ್ಲ.”

ಚಿಕ್ಕವಳ ತುಟಿ ನಡುಗುತ್ತಿದೆ. ದೊಡ್ಡವಳು ಓರೆಗಣ್ಣಿನಲ್ಲಿ ಅದನ್ನು ನೋಡಿದಳು. ತನ್ನ ಎರಡೂ ಕೈ ತೆಗೆದು, ಕೆಂಪಾದ ಅಂಗೈಗಳನ್ನು ಲಂಗಕ್ಕೆ ಒರೆಸಿಕೊಂಡು, ತಂಗಿಯ ಕೈಯನ್ನೂ ಮಂಜುಗಡ್ಡೆಯಿಂದ ಬಿಡಿಸಿದಳು.